ಅತ್ತೆಯ ಗುಳಿಗೆ, ನನ್ನ ಕೈಯ ಊಟ

ಹೋದ ತಿಂಗಳು ನನ್ನ ರಕ್ತದೊತ್ತಡದ ಮಾತ್ರೆ ಬದಲಾಯಿತು. ಹಳೆಯದನ್ನು ಬರೆದುಕೊಟ್ಟಿದ್ದ ಡಾಕ್ಟರಮ್ಮ, ನಾನಿನ್ನೂ ಬಾಯಿ ತೆರೆಯುವ ಮೊದಲೇ, "ಒಣ ಕೆಮ್ಮು ಏನಾದ್ರೂ ಬರ್ತಿದೆಯಾ?" ಎಂದು ಕೇಳಿದರು. ಬರುತ್ತಿತ್ತು. ಒಗ್ಗರಣೆಯ ಘಾಟು ಇರಬೇಕು ಅಂದುಕೊಂಡು ನಾನು ಒಣಮೆಣಸಿನಕಾಯಿ ಕಡಿಮೆ ಮಾಡಿದ್ದೆ, ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದೆ, ಮೆಣಸಿನ ಕಷಾಯ ಕುಡಿದು ಗಂಟಲು ಸುಟ್ಟುಕೊಂಡಿದ್ದೆ. ಡಾಕ್ಟರಮ್ಮ ಸಮಾಧಾನವಾಗಿ ತಿಳಿಸಿ ಹೇಳಿದರು. ನಮ್ಮ ರಕ್ತದಲ್ಲೇ ಒಂದು ಸಣ್ಣ ಪ್ರೋಟೀನಿನ ತುಣುಕು ತಯಾರಾಗುತ್ತದಂತೆ, ರಕ್ತನಾಳಗಳನ್ನು ಬಿಗಿಯುವುದು ಅದರ ಕೆಲಸ. ನನ್ನ ಮಾತ್ರೆ ಅದನ್ನು ತಯಾರಾಗಲು ಬಿಡುವುದಿಲ್ಲ, ಹಾಗಾಗಿ ಒತ್ತಡ ಇಳಿಯುತ್ತದೆ. ಆದರೆ ಅದೇ ಹೊತ್ತಿಗೆ ನಾಳಗಳನ್ನು ಸಡಿಲ ಮಾಡುವ ಇನ್ನೊಂದು ತುಣುಕು ಒಡೆಯದೆ ಉಳಿದುಹೋಗಿ, ಕೆಲವರಿಗೆ ಗಂಟಲು ಕೆರೆಯುತ್ತದಂತೆ. ಈ ಮಾತ್ರೆಗೆ ದಾರಿ ತೋರಿಸಿದ್ದು ಎಲ್ಲೋ ದೂರದೇಶದ ಒಂದು ಹಾವಿನ ವಿಷ ಎಂದೂ ನಗುತ್ತಾ ಹೇಳಿದರು. "ಇದು ಮಾತ್ರೆ ಮಾಡಿದ ಕೆಲಸ. ನೀವೇನೂ ಮಾಡಿಕೊಂಡಿದ್ದಲ್ಲ. ಬೇರೆ ಬರೆದುಕೊಡ್ತೀನಿ."

ಮನೆಗೆ ಬಂದು ಕಾಲು ತೊಳೆದುಕೊಳ್ಳುವಾಗ ನಮ್ಮ ಅತ್ತೆಯ ನೆನಪಾಯಿತು. ಇಂಥದೊಂದು ಪ್ರಶ್ನೆಯನ್ನು ಅವರಿಗೆ ಯಾರಾದರೂ ಕೇಳಿದ್ದರೆ, ಅಥವಾ ಕೇಳಿದವರಿಗೆ ಅವರು ಇದ್ದದ್ದು ಇದ್ದಹಾಗೆ ಹೇಳಿದ್ದರೆ, ನನ್ನ ಸಂಸಾರದ ಒಂದು ವರ್ಷ ಬೇರೆ ಥರ ಇರುತ್ತಿತ್ತು.

ಎಪ್ಪತ್ತರ ದಶಕದ ನಡುವಿನ ಮಾತು. ಆಗ ನನಗೆ ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ, ಕಂಕುಳಲ್ಲಿ ಒಂದು ಮಗು. ನಮ್ಮ ಮನೆಯವರು ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತರು. ಬಾಡಿಗೆ ಮನೆ, ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ, ಒಗೆಯುವ ಕಲ್ಲು. ಕಬ್ಬು ಅರೆಯುವ ಕಾಲದಲ್ಲಿ ಒಣಹಾಕಿದ ಬಟ್ಟೆಯ ಮೇಲೆಲ್ಲ ಕಪ್ಪು ಮಸಿ ಬಂದು ಕೂರುತ್ತಿತ್ತು, ಕೊಡವಿದರೆ ಗೀಟು ಬೀಳುತ್ತದೆ ಎಂದು ಊದಿ ತೆಗೆಯಬೇಕಿತ್ತು. ಮಾವ ತೀರಿಕೊಂಡ ಮೇಲೆ ಊರಾದ ಹೊಳಲಿನ ಜಮೀನನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಕೊಟ್ಟು ಅತ್ತೆ ನಮ್ಮ ಜೊತೆಗೇ ಬಂದಿದ್ದರು. ನಾದಿನಿ, ಅಂದರೆ ನಮ್ಮ ಮನೆಯವರ ಅಕ್ಕ, ಮಳವಳ್ಳಿಯಲ್ಲಿ. ನನ್ನ ತವರು ಮದ್ದೂರಿನ ಆಚೆ, ಸೋಮನಹಳ್ಳಿಯ ಹತ್ತಿರ.

ಅತ್ತೆಯ ಬಾಯಿ ದೊಡ್ಡದು. ಹಾಲಿನವನ ಜೊತೆ, ಸೌದೆಯವನ ಜೊತೆ, ನನ್ನ ಜೊತೆ, ಯಾರೂ ಇಲ್ಲದಿದ್ದರೆ ರೇಡಿಯೋದ ಜೊತೆ ಜಗಳ. ಸಾರಿಗೆ ಉಪ್ಪು ಒಂದು ಕಲ್ಲು ಹೆಚ್ಚುಕಡಿಮೆಯಾದರೆ ಪಕ್ಕದ ಮನೆಗೆ ಕೇಳಿಸುವಂತೆ ಹೇಳುವರು. ನನಗೆ ಅದು ಅಭ್ಯಾಸವಾಗಿಹೋಗಿತ್ತು. ಬೆಳಿಗ್ಗೆ ಅವರ ಬೈಗುಳ ಕೇಳಿಸಿದರೆ ನೀರು ಕಾದಿದೆ ಎಂದು ಅರ್ಥ.

ಒಂದು ದಿನ ಬಚ್ಚಲುಮನೆಯಲ್ಲಿ ತಲೆ ತಿರುಗಿ ಗೋಡೆ ಹಿಡಿದು ಕುಸಿದರು. ಜಟಕಾದಲ್ಲಿ ಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿ ನೋಡಿ, ಮತ್ತೆ ಒತ್ತಿ ನೋಡಿ, ರಕ್ತದೊತ್ತಡ ಬಹಳ ಏರಿದೆ ಎಂದರು. ಆಗಿನ್ನೂ ಈಗ ನಾನು ನುಂಗುವಂಥ ಮಾತ್ರೆಗಳು ಬಂದಿರಲಿಲ್ಲ. ಅವರು ಕೊಟ್ಟದ್ದು ಸರ್ಪಗಂಧದ ಬೇರಿನಿಂದ ತೆಗೆದ ಸಣ್ಣ ಬಿಳಿ ಗುಳಿಗೆ. "ನಮ್ಮ ನಾಡಿನ ಬೇರೇ, ಹೆದರಬೇಡಿ. ದಿನಾ ತಪ್ಪಿಸಬಾರದು. ಉಪ್ಪು ಕಡಿಮೆ ಮಾಡಿ," ಎಂದರು. ಅತ್ತೆಗೆ ಗುಳಿಗೆಗಿಂತ ಉಪ್ಪಿನ ಮಾತೇ ಕಷ್ಟವಾಯಿತು.

ತಪ್ಪಿಸದೆ ಕೊಡುವ ಜವಾಬ್ದಾರಿ ನನ್ನದಾಯಿತು. ಬೆಳಿಗ್ಗೆ ಅಂಬಲಿ ಕುಡಿದ ಮೇಲೆ ಎಡಗೈಯಲ್ಲಿ ನೀರಿನ ಲೋಟ, ಬಲಗೈಯಲ್ಲಿ ಗುಳಿಗೆ ಹಿಡಿದು ನಿಲ್ಲುತ್ತಿದ್ದೆ. "ಪ್ರಸಾದ ಕೊಟ್ಟಂಗೆ ನಿಂತವ್ಳೆ ನೋಡು," ಎಂದು ಬೈದುಕೊಂಡೇ ನುಂಗುವರು. ಮುಂದಿನ ಸಲ ಹೋದಾಗ ಒತ್ತಡ ಇಳಿದಿತ್ತು. ಡಾಕ್ಟರಿಗೆ ಸಂತೋಷ, ನಮಗೂ ಸಂತೋಷ.

ಆಮೇಲೆ ಮನೆ ಮೆಲ್ಲಗೆ ಸದ್ದು ಕಳೆದುಕೊಂಡಿತು. ಯಾವತ್ತಿನಿಂದ ಎಂದು ಹೇಳುವಂತಿಲ್ಲ. ಮೊದಲು ಅತ್ತೆಯ ಮೂಗು ಕಟ್ಟಿತು. ಮಂಡ್ಯದ ಮಸಿಗೆ ಅಂದುಕೊಂಡೆವು. ಆಮೇಲೆ ಹಗಲು ಹೊತ್ತು ಮಲಗುವುದು ಶುರುವಾಯಿತು. ಹಾಲಿನವನು ನೀರು ಬೆರೆಸಿ ತಂದರೂ ಏನೂ ಅನ್ನಲಿಲ್ಲ, ಅವನೇ ಗಾಬರಿಯಾಗಿ, "ಅಮ್ಮೋರಿಗೆ ಮೈಗೆ ಉಸಾರಿಲ್ವಾ?" ಎಂದು ನನ್ನನ್ನು ಕೇಳಿದ. ಮುದ್ದೆಯ ಮುಂದೆ ಕೂತರೆ ಕೈ ತಟ್ಟೆಯಲ್ಲೇ ಉಳಿಯುತ್ತಿತ್ತು. ಸಪ್ಪೆ ಸಾರನ್ನು ಬೈಯದೆ ಉಂಡರು. ಅದೇ ನನಗೆ ಭಯ ಹುಟ್ಟಿಸಿದ್ದು. ಕೆಟ್ಟ ಕನಸು ಬೀಳುತ್ತದೆ ಎನ್ನುವರು. ಏನು ಕನಸು ಎಂದರೆ ಗೋಡೆಯ ಕಡೆ ತಿರುಗಿಕೊಂಡು, "ಬುಡು, ಇನ್ನೇನೈತೆ ನಂದು," ಎಂದು ಕಣ್ಣೊರೆಸಿಕೊಳ್ಳುವರು. ಅತ್ತೆ ಅಳುವುದನ್ನು ನಾನು ಮಾವ ಹೋದ ದಿನ ಬಿಟ್ಟರೆ ನೋಡಿರಲಿಲ್ಲ.

ಡಾಕ್ಟರ ಹತ್ತಿರ ಹೋದಾಗ ಮಾತ್ರ, "ಚೆಂದಾಗಿವ್ನಿ ಸ್ವಾಮಿ," ಎಂದು ತೋಳು ಮುಂದೆ ಚಾಚಿ ಕೂರುವರು. ಅವರು ಪಟ್ಟಿ ಸುತ್ತಿ, ನೋಡಿ, ಅದೇ ಗುಳಿಗೆ ಮುಂದುವರಿಸಿ ಅನ್ನುವರು.

ಹೊಳಲಿನಿಂದ ಅತ್ತೆಯ ಓರಗಿತ್ತಿ ಬಂದರು. ಅತ್ತೆಯ ಮುಖ ನೋಡಿದವರೇ ಬಾಗಿಲಲ್ಲೇ ನಿಂತುಬಿಟ್ಟರು.

"ಏನಕ್ಕಾ ಇದು, ಇಂಗಾಗೋಗಿದ್ದೀಯ? ನೀನು ಜಗಲಿ ಮ್ಯಾಲೆ ನಿಂತ್ಕೊಂಡು ಕೂಗುದ್ರೆ ಗದ್ದೆಲಿರೋರೆಲ್ಲ ತಿರುಗ್ತಿದ್ರು!"

"ಏನೂ ಇಲ್ಲ ಕಣೆ. ಮನ್ಸೇ ಇಲ್ಲ."

ನಾನು ಕಾಫಿ ತಂದೆ. "ಬ್ಯಾಡ ಕಣವ್ವ, ಈಗಷ್ಟೇ ಕುಡ್ದು ಬಂದೆ," ಎಂದರು. ಅವರು ಬಸ್ಸು ಇಳಿದು ನೇರವಾಗಿ ಬಂದಿದ್ದರು. ಲೋಟ ಅವರ ಮುಂದೆಯೇ ಕೆನೆ ಕಟ್ಟಿತು. ಹಿತ್ತಲಲ್ಲಿ ನಮ್ಮ ಮನೆಯವರನ್ನು ಹಿಡಿದುಕೊಂಡು ಅವರು ತಗ್ಗಿದ ದನಿಯಲ್ಲಿ ಹೇಳಿದ್ದು ಬಚ್ಚಲ ಕಿಟಕಿಯಿಂದ ನನಗೆ ಕೇಳಿಸಿತು. "ಇದು ಡಾಕ್ಟ್ರ ಕಾಯ್ಲೆ ಅಲ್ಲ ಕಣ್ಲಾ ಮಗ. ಇದು ಕೈಮದ್ದು. ಯಾರೋ ಉಣ್ಣೋದ್ರಲ್ಲಿ ಆಕವ್ರೆ."

ಕೈಮದ್ದು ಅಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು, ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆಗದವರಿಗೆ ಊಟದಲ್ಲೋ ಹಣ್ಣಿನಲ್ಲೋ ಏನನ್ನೋ ಬೆರೆಸಿ ಕೊಟ್ಟುಬಿಡುತ್ತಾರೆ, ತಿಂದವರು ಸಾಯುವುದಿಲ್ಲ, ಒಳಗೇ ಕುಗ್ಗಿ ಸವೆದು, ಹಾಕಿದವರು ಹೇಳಿದ ಹಾಗೆ ಕೇಳಿಕೊಂಡು ಬಿದ್ದಿರುತ್ತಾರೆ ಎಂಬ ನಂಬಿಕೆ. ಅದನ್ನು ಪತ್ತೆ ಮಾಡಿ ಕಕ್ಕಿಸಿ ತೆಗೆಯುವವರೂ ಇರುತ್ತಾರೆ. ಇಂಗ್ಲಿಷ್ ಡಾಕ್ಟರ ಮುಂದೆ ಆ ಮಾತು ಎತ್ತುವುದಿಲ್ಲ. ಅವರದ್ದು ಜ್ವರ, ಗಾಯ, ಪ್ರೆಷರ್ರು. ಮನಸ್ಸು ಕುಗ್ಗಿದ್ದು, ಕನಸು, ಅಳು ಇವೆಲ್ಲ ಆ ಕಡೆಯವರ ಬಾಬತ್ತು. ಯಾರ ಮುಂದೆ ಯಾವುದನ್ನು ಹೇಳಬೇಕು ಎನ್ನುವುದನ್ನು ಯಾರೂ ಕಲಿಸುವುದಿಲ್ಲ, ಬೆಳೆಯುತ್ತಾ ಬಂದುಬಿಡುತ್ತದೆ.

ಹಾಕಿದವರು ಯಾರು ಎಂದು ಓರಗಿತ್ತಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಆ ಮನೆಯಲ್ಲಿ ಒಲೆ ಹಚ್ಚುತ್ತಿದ್ದವಳು ನಾನೊಬ್ಬಳೇ.

ವಾರ ಕಳೆಯುವುದರೊಳಗೆ ಮಳವಳ್ಳಿಯಿಂದ ನಾದಿನಿ ಬಂದರು. ಬಂದವರು ತಮ್ಮ ಸೀರೆಗಂಟಿನಲ್ಲಿ ರೊಟ್ಟಿ ಕಟ್ಟಿಕೊಂಡೇ ಬಂದಿದ್ದರು.

"ಅವ್ವ, ನಡಿ ಮಳವಳ್ಳಿಗೆ. ಇಲ್ಲಿದ್ರೆ ನೀನು ಉಳಿಯಾಕಿಲ್ಲ."

"ಸುಮ್ನಿರಕ್ಕ, ಪ್ರೆಷರ್ ಇಳಿದೈತೆ ಅಂದವ್ರೆ ಡಾಕ್ಟ್ರು," ಎಂದರು ನಮ್ಮ ಮನೆಯವರು.

"ಪ್ರೆಷರೂ ಇಳೀತು, ಜೊತ್ಗೆ ಅವ್ವನೂ ಇಳ್ದೋದ್ಲು. ಕಣ್ಣು ಕಾಣಾಕಿಲ್ವೇನ್ಲಾ ನಿಂಗೆ?"

ನಾನು ಅತ್ತೆಯ ಸೀರೆಗಳನ್ನು ಮಡಿಸಿ, ಗುಳಿಗೆಗಳನ್ನು ಒಂದು ಡಬ್ಬಿಗೆ ಹಾಕಿ ನಾದಿನಿಯ ಕೈಗಿಟ್ಟೆ. "ಅಕ್ಕಾ, ಬೆಳಿಗ್ಗೆ ಅಂಬಲಿ ಆದ್ಮೇಲೆ. ಮರೀಬ್ಯಾಡಿ." ಅವರು ಡಬ್ಬಿಯನ್ನು ಮುಟ್ಟಿದರೋ ಇಲ್ಲವೋ ಎನ್ನುವಂತೆ ತೆಗೆದುಕೊಂಡರು.

ಅತ್ತೆ ಹೋದ ಮೇಲೆ ನಾನು ಮನೆಯನ್ನೆಲ್ಲ ಅನುಮಾನದ ಕಣ್ಣಿನಿಂದ ನೋಡತೊಡಗಿದೆ. ನನ್ನ ಕೈಯಿಂದಲೇ ಏನೋ ಆಗುತ್ತಿದೆಯೇನೋ ಅನ್ನಿಸುತ್ತಿತ್ತು. ಹಿತ್ತಾಳೆ ಪಾತ್ರೆಯ ಕಲಾಯಿ ಹೋಗಿ ಹುಳಿ ಕಿಲುಬುತ್ತಿರಬಹುದು ಎಂದು ಎಲ್ಲಕ್ಕೂ ಹೊಸದಾಗಿ ಕಲಾಯಿ ಹಾಕಿಸಿದೆ. ಬಾವಿಯ ನೀರು ಬಿಟ್ಟು ನಲ್ಲಿಯ ನೀರು ಹಿಡಿದೆ. ರಾಗಿಯನ್ನು ಮೊರದಲ್ಲಿ ಹಾಕಿಕೊಂಡು ಕಾಳು ಕಾಳಾಗಿ ನೋಡಿದೆ. ಪಕ್ಕದ ಮನೆಯಾಕೆ ಕೊಟ್ಟಿದ್ದ ಉಪ್ಪಿನಕಾಯಿಯ ಮೇಲೆ ಅನುಮಾನ ಬಂದು ತಿಪ್ಪೆಗೆ ಸುರಿದೆ. ಆಕೆ ಏನು ಪಾಪ ಮಾಡಿದ್ದಳೋ. ಅಷ್ಟರಲ್ಲಿ ಆಕೆಗೂ ನನ್ನ ಮೇಲೆ ಅನುಮಾನ ಬಂದಿತ್ತು. ಶುಕ್ರವಾರ ಅರಿಶಿನ ಕುಂಕುಮಕ್ಕೆ ಬಂದವಳು ನಾನು ಕೊಟ್ಟ ಬಾಳೆಹಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಅದು ಬೀದಿಯ ಹಸುವಿನ ಬಾಯಲ್ಲಿತ್ತು. ಸಿಪ್ಪೆ ಕೂಡ ಸುಲಿದಿರಲಿಲ್ಲ.

ಮಳವಳ್ಳಿಯ ಸುದ್ದಿಯನ್ನು ನಮ್ಮ ಮನೆಯವರು ಹೋಗಿ ನೋಡಿಕೊಂಡು ತಂದರು. ಹತ್ತಿರದ ಒಂದು ಹಳ್ಳಿಯಲ್ಲಿ ಮದ್ದು ತೆಗೆಯುವ ಅಜ್ಜ ಇದ್ದನಂತೆ. ಅತ್ತೆಯ ಅಂಗೈಗೆ ಯಾವುದೋ ಸೊಪ್ಪಿನ ರಸ ಬಿಟ್ಟನಂತೆ, ಅದು ಗಟ್ಟಿಯಾಗಿ ಕೂತಿತಂತೆ. ಗಟ್ಟಿಯಾದರೆ ಮದ್ದು ಇದೆ ಎಂದು ಅರ್ಥ. ಏನೋ ಕುಡಿಸಿ ಕಕ್ಕಿಸಿದರಂತೆ. ಕೂದಲು ಸುತ್ತಿಕೊಂಡ ಹಾಗಿದ್ದ ಒಂದು ಗಂಟು ಬಿತ್ತಂತೆ.

"ನೀವು ನೋಡಿದ್ರಾ?" ಎಂದೆ.

"ಅಕ್ಕ ನೋಡವ್ಳೆ."

"ಅತ್ತೆಮ್ಮ ಎಂಗವ್ರೆ?"

ಅವರು ಚಪ್ಪಲಿಯ ಪಟ್ಟಿಯನ್ನೇ ನೋಡುತ್ತಾ ಹೇಳಿದರು. "ಚೆನ್ನಾಗವ್ರೆ. ಬಾವನ್ನ ಬೈತಾ ಕೂತಿದ್ರು."

ಅತ್ತೆ ಚೆನ್ನಾಗಿದ್ದಾರೆ ಎಂಬ ಮಾತು ಕೇಳಿ ಹೆದರಬೇಕಾದ ಗತಿ ಯಾವ ಸೊಸೆಗೂ ಬೇಡ. ಅವರು ನನ್ನ ಮನೆಯಲ್ಲಿ ಕುಗ್ಗಿದರು, ಮಗಳ ಮನೆಯಲ್ಲಿ ಎದ್ದರು. ಇದಕ್ಕಿಂತ ಸಾಕ್ಷಿ ಯಾರಿಗೆ ಬೇಕು?

ಮಾರನೆಯ ದಿನದಿಂದ ನಮ್ಮ ಮನೆಯವರು ಮಧ್ಯಾಹ್ನದ ಊಟಕ್ಕೆ ಬರುವುದನ್ನು ನಿಲ್ಲಿಸಿದರು. "ಕೆಲ್ಸ ಜಾಸ್ತಿ. ಕ್ಯಾಂಟೀನಲ್ಲೇ ತಿಂದೆ." ಕೆಲವು ದಿನಕ್ಕೆ ರಾತ್ರಿಯ ಊಟವೂ ಅರ್ಧಕ್ಕೆ ಇಳಿಯಿತು. ಮಗುವಿಗೆ ಕಲಸಿದ ಅನ್ನವನ್ನು ನಾನು ಮೊದಲು ಬಾಯಿಗೆ ಹಾಕಿಕೊಂಡೆನೋ ಇಲ್ಲವೋ ಎಂದು ಓರೆಗಣ್ಣಿನಿಂದ ನೋಡುತ್ತಿದ್ದುದನ್ನು ನಾನು ನೋಡಿದೆ. ಯಾವತ್ತೂ ಒಂದು ಮಾತು ಆಡಲಿಲ್ಲ. ಆಡಿದ್ದರೆ ಜಗಳವಾಡಿ ಹಗುರವಾಗುತ್ತಿದ್ದೆ.

ಗೌರಿಹಬ್ಬ ಕಳೆದ ಮೇಲೆ ಅತ್ತೆ ತಾವಾಗಿಯೇ ವಾಪಸು ಬಂದರು. ಮಗಳು ಬೇಡ ಬೇಡ ಎಂದರೂ, "ಮಗನ ಮನೆ ಐತೆ ನಂಗೆ. ಅಳಿಯನ ಮನೇಲಿ ಎಷ್ಟ್ ದಿನ ಕುಕ್ರು ಬಡ್ಕೊಂಡು ಕೂತಿರ್ಲಿ?" ಎಂದು ಹೊರಟುಬಂದರಂತೆ. ಬಸ್‌ಸ್ಟ್ಯಾಂಡಿನಿಂದ ಕರೆತಂದ ಜಟಕಾದವನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಕುದುರೆಗೆ ಹುಲ್ಲು ಹಾಕುವುದಿಲ್ಲವೇ ಎಂದು ಬೈದರು. ನನ್ನ ಕಡೆ ತಿರುಗಿ, "ಏನಮ್ಮಿ, ಬಿಳ್ಚ್ಕೊಂಡಿದ್ದೀಯ? ತಿನ್ನಾಕಿಲ್ವಾ?" ಎಂದರು. ಆ ದನಿ ಕೇಳಿ ನನಗೆ ಕಣ್ಣು ತುಂಬಿತು. ತಲೆಯ ಹಿಂದೆ ಒಂದು ಸೆಳೆತ ಇದೆ ಎಂದು ಮಾತ್ರ ಹೇಳಿದರು. ಗುಳಿಗೆ ಡಬ್ಬಿಯನ್ನು ಮಗಳ ಮನೆಯಲ್ಲೇ ಬಿಟ್ಟು ಬಂದಿದ್ದರು. ನಾನು ಅಂಗಡಿಯಿಂದ ಹೊಸದಾಗಿ ತರಿಸಿ, ಮಾರನೆಯ ಬೆಳಿಗ್ಗೆ ಎಂದಿನ ಹಾಗೆ ಲೋಟ ಹಿಡಿದು ನಿಂತೆ.

ಸ್ವಲ್ಪ ದಿನ ಎಲ್ಲ ಸರಿಯಿತ್ತು. ತಲೆಯ ಸೆಳೆತ ಹೋಯಿತು. ನಾನು ಅಡುಗೆಯನ್ನು ಅವರ ಕಣ್ಣ ಮುಂದೆಯೇ ಮಾಡುತ್ತಿದ್ದೆ, ಪಾತ್ರೆಯ ಮುಚ್ಚಳ ತೆಗೆದಿಟ್ಟು, ಕೈ ತೋರಿಸಿಕೊಂಡು. ಆಮೇಲೆ ಅವರ ಮೂಗು ಕಟ್ಟಿತು. ಹಗಲುನಿದ್ದೆ ಶುರುವಾಯಿತು. ಮತ್ತೆ ಗೋಡೆ, ಮತ್ತೆ ಕಣ್ಣೀರು. ಈ ಸಲ ಅವರಿಗೇ ಭಯ ಹತ್ತಿತು. ತಟ್ಟೆ ಇಟ್ಟರೆ ನನ್ನ ಕಡೆ ಸರಿಸಿ, "ಮೊದ್ಲು ನೀನೊಂದ್ ತುತ್ತು ತಿನ್ನವ್ವ," ಎನ್ನುವರು. ಬೈದು ಹೇಳುತ್ತಿರಲಿಲ್ಲ, ಬೇಡಿಕೊಂಡ ಹಾಗೆ ಹೇಳುವರು. ನಾನು ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿ, ಬಾಯಿ ತೆರೆದು ತೋರಿಸುತ್ತಿದ್ದೆ. ಆಮೇಲೆ ಅವರು ತುತ್ತು ಮುಟ್ಟುವರು. ಗುಳಿಗೆಗೆ ಮಾತ್ರ ಈ ಪರೀಕ್ಷೆ ಇರಲಿಲ್ಲ. ಅದು ಅಂಗಡಿಯಿಂದ ಕಾಗದದಲ್ಲಿ ಸುತ್ತಿ ಬಂದದ್ದು, ಅದನ್ನು ಯಾರು ಏಕೆ ಅನುಮಾನಿಸಬೇಕು?

ನಾದಿನಿಗೆ ಸುದ್ದಿ ಮುಟ್ಟಿತು. ಒಂದು ಭಾನುವಾರ ಮಳವಳ್ಳಿಯಿಂದ ನಾದಿನಿ, ಹೊಳಲಿನಿಂದ ನಮ್ಮ ಮನೆಯವರ ದೊಡ್ಡಪ್ಪ ಬಂದು ನಡುಮನೆಯಲ್ಲಿ ಕೂತರು. ನನ್ನ ಅಪ್ಪನನ್ನೂ ಸೋಮನಹಳ್ಳಿಯಿಂದ ಕರೆಸಿದ್ದರು. ಅತ್ತೆ ಗೋಡೆಗೊರಗಿ ಕೂತಿದ್ದರು, ಮಾತು ತಮ್ಮದಲ್ಲ ಎನ್ನುವ ಹಾಗೆ. ನಾನು ಅಡುಗೆಮನೆಯ ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದೆ. ಅಂದು ನಾನು ಯಾರಿಗೂ ಕಾಫಿ ಕೇಳಲಿಲ್ಲ.

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. "ನೋಡಿ ಬೀಗ್ರೆ, ನಿಮ್ಮೇಲೆ ನಮ್ಗೆ ಕ್ವಾಪ ಇಲ್ಲ. ನಿಮ್ ಮಗ್ಳ ಕೈಲಿ ಒಂದ್ ಆಣೆ ಮಾಡುಸ್ಬುಡಿ. ದೇವ್ರ ಮುಂದೆ ಕರ್ಪೂರ ಅಚ್ಚಿ ಅಂಗೈಲಿ ಆರುಸ್ಲಿ. ಆಮ್ಯಾಕೆ ಯಾರೂ ಉಸಿರೆತ್ತಂಗಿಲ್ಲ."

ಅಪ್ಪ ತಲೆಯ ಟವಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಆಣೆ ಮಾಡುಸ್ಬೋದು. ಮಾಡುದ್ಮೇಲೆ ನಿಮ್ಮನೇಲಿ ಎಮ್ಮೆ ಕೆಚ್ಚಲು ಬತ್ತುದ್ರೂ ನನ್ ಮಗ್ಳು ಸುಳ್ ಆಣೆ ಮಾಡುದ್ಲು ಅಂತೀರಿ. ಬ್ಯಾಡ. ಸಂಜೆ ಬಸ್ಸಿಗೆ ಕರ್ಕೊಂಡ್ ಓಯ್ತೀನಿ."

"ಕರ್ಕೊಂಡೋಗಿ," ಎಂದರು ನಾದಿನಿ. "ನಮ್ಮವ್ವ ಉಳ್ಕೊಂಡ್ರೆ ಸಾಕು."

ನಮ್ಮ ಮನೆಯವರು ಕಿಟಕಿಯ ಸರಳು ಹಿಡಿದುಕೊಂಡು ನಿಂತಿದ್ದರು. ಹೋದರೆ ಯಾವಾಗ ವಾಪಸು ಎಂದು ಯಾರೂ ಕೇಳಲಿಲ್ಲ. ಅಂಥ ಮಾತು ಹೊತ್ತು ತವರಿಗೆ ಹೋದವಳು ಹಿಂತಿರುಗುವುದಿಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು.

ನಾದಿನಿಗೆ ಮಾತು ಬಂದುಬಿಟ್ಟಿತ್ತು. "ನಮ್ಮನೇಲಿ ಅವ್ವ ಎಂಗಿದ್ಲು ಗೊತ್ತಾ ದೊಡ್ಡಪ್ಪ! ನಾನೇನ್ ಸುಮ್ನೆ ಉಳಿಸ್ಕೊಂಡಿಲ್ಲ. ಅಜ್ಜ ಏಳ್ದ, ನನ್ ಔಸ್ದಿ ಒಳಿಕ್ಕೋದ್ಮೇಲೆ ಬ್ಯಾರೆ ಔಸ್ದಿ ಒಂದೂ ಓಗ್ಬಾರ್ದು ಅಂತ. ಅವತ್ತಿಂದ ಆ ಇಂಗ್ಲೀಸ್ ಗುಳಿಗೆ ಒಂದೂ ಮುಟ್ಸಿಲ್ಲ. ಡಬ್ಬಿ ಅಂಗೇ ಅಟ್ಟದ ಮ್ಯಾಲೈತೆ. ಪಥ್ಯ ಅಂದ್ರೆ ಪಥ್ಯ!"

ಮಗು ನನ್ನ ಕಿವಿಯ ಓಲೆ ಎಳೆಯುತ್ತಿತ್ತು. ನಾನು ಅದರ ಕೈ ಬಿಡಿಸಿದೆ.

"ಅಕ್ಕಾ, ಒಂದೂ ಕೊಡ್ಲಿಲ್ವಾ?"

"ಒಂದೂ ಇಲ್ಲ."

"ಅವ್ರು ಇಲ್ಲಿಗ್ ಬರೋಗಂಟ?"

"ಇಲ್ಲ ಅಂದ್ನಲ್ಲಮ್ಮಿ, ಎಷ್ಟ್ ಸಲ ಏಳ್ಲಿ?"

"ನಾನು ಇಲ್ಲಿ ದಿನಾ ಕೊಡ್ತಾ ಇದ್ದೀನಿ. ಆಗ್ಲೂ ಕೊಡ್ತಿದ್ದೆ. ಈಗ್ಲೂ ಕೊಡ್ತಿದ್ದೀನಿ."

"ಕೇಳುದ್ರಾ!" ನಾದಿನಿ ತೊಡೆ ತಟ್ಟಿದರು. "ಅವ್ಳ ಬಾಯಿಂದ್ಲೇ ಬಂತು! ಅವ್ಳ ಕೈಯಿಂದ್ಲೇ ಓಗೈತೆ ಅಂತ!"

"ತಡಿಯೇ ಮಾರಾಯ್ತಿ," ಎಂದರು ದೊಡ್ಡಪ್ಪ. ಅವರು ನಿಧಾನದ ಮನುಷ್ಯ. ಬೆರಳು ಎತ್ತಿ ಗಾಳಿಯಲ್ಲಿ ಗೆರೆ ಎಳೆದ ಹಾಗೆ ಮಾಡಿ ಯೋಚಿಸಿದರು. "ಗುಳಿಗೆ ಇದ್ದಾಗ ಮಲಗ್ತಾಳೆ, ಇಲ್ದಾಗ ಏಳ್ತಾಳೆ. ಅಂಗಾ ನೀನು ಅನ್ನೋದು ಮಗ?"

"ನಂಗೊತ್ತಿಲ್ಲ ದೊಡ್ಮಾವ. ಡಾಕ್ಟ್ರನ್ನ ಕೇಳಿ. ಆಣೆ ಆಮೇಲೆ ಮಾಡುಸ್ರಿ."

ನಮ್ಮ ಮನೆಯವರು ಕಿಟಕಿಯ ಸರಳು ಬಿಟ್ಟು ಈ ಕಡೆ ತಿರುಗಿದರು. ಎಷ್ಟೋ ದಿನಗಳ ಮೇಲೆ ಅವರು ನನ್ನ ಮುಖ ನೋಡಿದ್ದು ಅವತ್ತೇ. "ನಾಳೆ ಎಲ್ರೂ ಓಗಾಣ," ಎಂದರು. ಅಪ್ಪ ಸಂಜೆಯ ಬಸ್ಸು ಬಿಟ್ಟರು. ಆದರೆ ಚೀಲವನ್ನು ಗೂಟದಿಂದ ಇಳಿಸಿ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದರು.

ಬೆಳಿಗ್ಗೆ ಡಾಕ್ಟರ ಚಿಕ್ಕ ಕೋಣೆಯಲ್ಲಿ ನಾವೆಲ್ಲ ಒತ್ತಿಕೊಂಡು ನಿಂತೆವು. "ಏನ್ರಪ್ಪ, ಮದುವೆ ದಿಬ್ಬಣಾನಾ?" ಎಂದರು ಅವರು. ನಮ್ಮ ಮನೆಯವರು ಹೇಳಲು ಹೋಗಿ ತಡವರಿಸಿದರು. ನಾನೇ ಹೇಳಿದೆ. ಮೂಗು ಕಟ್ಟಿದ್ದು, ಹಗಲುನಿದ್ದೆ, ಕನಸು, ಅಳು, ತಟ್ಟೆಯಲ್ಲೇ ಉಳಿದ ಕೈ, ಮಳವಳ್ಳಿ, ಪಥ್ಯ. ಕೈಮದ್ದು ಎಂಬ ಮಾತನ್ನೂ ಬಿಡಲಿಲ್ಲ. ಆ ಮಾತು ಬಂದಾಗ ನಾದಿನಿ ನನ್ನ ತೋಳು ಚಿವುಟಿದರು.

ಡಾಕ್ಟರು ಕನ್ನಡಕ ತೆಗೆದರು. "ಆಗುತ್ತೆ. ಎಲ್ಲರಿಗೂ ಅಲ್ಲ, ಕೆಲವರಿಗೆ. ಒತ್ತಡದ ಜೊತೆ ಮನಸ್ಸನ್ನೂ ಕೆಳಗೆ ಎಳೆದುಬಿಡುತ್ತೆ ಇದು. ನಿಲ್ಲಿಸಿದರೂ ತಕ್ಷಣ ಬಿಡಲ್ಲ, ನಿಧಾನವಾಗಿ ಬಿಡುತ್ತೆ." ಅತ್ತೆಯ ಕಡೆ ತಿರುಗಿದರು. "ಬಂದಾಗಲೆಲ್ಲ ಹೇಗಿದ್ದೀರಿ ಅಂತ ಕೇಳಿದ್ದೀನಲ್ಲಮ್ಮ? ಚೆಂದಾಗಿದ್ದೀನಿ ಅಂದ್ರಲ್ಲ?"

"ಮತ್ತೆ ನಿಮ್ ತಾವ ಅದ್ನೆಲ್ಲ ಏಳಕ್ಕಾದದಾ ಸ್ವಾಮಿ?" ಎಂದರು ಅತ್ತೆ. "ನೀವು ಪ್ರೆಷರ್ ಡಾಕ್ಟ್ರು."

ದೊಡ್ಡಪ್ಪ ನಕ್ಕುಬಿಟ್ಟರು. ಡಾಕ್ಟರು ನಗಲಿಲ್ಲ. ಮಳವಳ್ಳಿಯಲ್ಲಿ ಗುಳಿಗೆ ಇಲ್ಲದಿದ್ದಾಗ ತಲೆನೋವೇನಾದರೂ ಬಂತೇ ಎಂದು ನಾದಿನಿಯನ್ನು ಕೇಳಿದರು.

"ತಲೆನೋವು ಅಂತಿದ್ಲು. ಕೊನೇಲಿ ಒಂದಿನ ಮೂಗಲ್ಲಿ ರಕ್ತ ಬಂತು. ಉಸ್ಣ ಅಂತ ಈರುಳ್ಳಿ ಜಜ್ಜಿ ಮೂಸುಸ್ದೆ."

"ಉಷ್ಣ ಅಲ್ಲಮ್ಮ ಅದು. ಒತ್ತಡ ತಡೀಲಾರದೆ ನಾಳ ಒಡೆದದ್ದು. ಮೂಗಲ್ಲಿ ಒಡೀತು, ಒರೆಸಿಕೊಂಡ್ರಿ. ತಲೇಲಿ ಒಡೆದಿದ್ರೆ ಇವತ್ತು ಇವರನ್ನ ಇ​ಲ್ಲಿಗೆ ಕರ್ಕೊಂಡು ಬರ್ತಿರಲಿಲ್ಲ."

ನಾದಿನಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಡಾಕ್ಟರು ಆ ಗುಳಿಗೆಯನ್ನು ನಿಲ್ಲಿಸಿ ಬೇರೆಯದನ್ನು ಬರೆದರು, ಮೈಯಲ್ಲಿನ ನೀರನ್ನು ಮೂತ್ರದಲ್ಲಿ ಇಳಿಸುವ ಮಾತ್ರೆ. ವಾರ ವಾರ ಬಂದು ಪಟ್ಟಿ ಸುತ್ತಿಸಿಕೊಳ್ಳಬೇಕು, ಇನ್ನು ಮುಂದೆ ಕನಸು ಬಿದ್ದರೂ ತಮಗೆ ಹೇಳಬೇಕು ಎಂದರು.

ಇಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡು ಮನೆಗೆ ಬಂದರೆ, ಅತ್ತೆ ಹೊಸ ಮಾತ್ರೆ ನುಂಗಲು ಒಪ್ಪಲಿಲ್ಲ.

"ಅದೊಂದು ಗುಳಿಗೆ ನನ್ನ ಎಣ ಮಾಡಿ ಮಲಗುಸ್ತು. ಇದು ಏನ್ ಮಾಡ್ತದೋ ಯಾರ್ ಕಂಡೋರು? ಬ್ಯಾಡ. ಬಿಸಾಕು."

"ನುಂಗ್ದೆ ಇದ್ರೆ ನಾಳ ಒಡೀತದೆ ಅಂದ್ರಲ್ಲವ್ವ," ಎಂದರು ನಮ್ಮ ಮನೆಯವರು.

"ಒಡೀಲಿ."

ನಾದಿನಿ ಮುಂದೆ ಬಂದರು. ಡಾಕ್ಟರ ಮಾತು ಅವರಿಗೆ ಪೂರ್ತಿ ಇಳಿದಿರಲಿಲ್ಲ ಎಂದು ಅವರ ಕಣ್ಣೇ ಹೇಳುತ್ತಿತ್ತು. ಗಂಟು ಬಿದ್ದದ್ದನ್ನು ಕಂಡವರು ಅವರು. "ಅವ್ವ, ಈ ಮನೇಲಿ ಬ್ಯಾಡ. ನನ್ ಜೊತೆ ಬಾ. ನಾನೇ ಕೊಡ್ತೀನಿ."

"ನೀನಾ? ನಾಳಿಕೆ ಇನ್ನೊಬ್ಬ ಅಜ್ಜ ಬ್ಯಾಡ ಅಂದ್ರೆ ನಿಲ್ಲುಸ್ಬುಡ್ತೀಯ."

"ನಾನು ಕೊಡ್ಲೇನವ್ವ?" ಎಂದರು ನಮ್ಮ ಮನೆಯವರು.

"ನೀನು ಮರ್ತ್ಕೊಂಡು ಓಯ್ತೀಯ. ಉಟ್ಟಿದ್ ಪಂಚೆ ನೆಪ್ಪಿರಾಕಿಲ್ಲ ನಿಂಗೆ."

ಆಮೇಲೆ ಅತ್ತೆ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಪ್ರೀತಿ ಇತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಸಂತೆಯಲ್ಲಿ ಹಸುವಿನ ಹಲ್ಲು ನೋಡುವವರ ಹಾಗೆ ಮೇಲಿಂದ ಕೆಳಗೆ ನೋಡಿದರು.

"ಇವ್ಳು ಕೊಡ್ಲಿ."

"ಇವ್ಳಾ?" ಎಂದರು ನಾದಿನಿ.

"ಊಂ ಕಣೆ, ಇವ್ಳೇ. ನಂಗೆ ಚೂರು ಎಚ್ಚುಕಮ್ಮಿ ಆದ್ರೂ ನೀವೆಲ್ಲಾ ಬಂದು ಇವ್ಳ ಕತ್ತಿಗೇ ಬೀಳ್ತೀರ. ಅದು ಇವ್ಳಿಗೂ ಗೊತ್ತು. ಅದ್ಕೇ, ಇಡೀ ವಂಸದಲ್ಲಿ ಉಸಾರಾಗಿ ಕೊಡೋಳು ಇವ್ಳೊಬ್ಳೇಯ."

ದೊಡ್ಡಪ್ಪ, "ಅದೂ ಸರಿ ಅನ್ನು," ಎಂದು ಎಲೆ ಅಡಿಕೆ ಚೀಲ ಬಿಚ್ಚಿದರು.

ನಾನು ಮಗುವನ್ನು ಇಳಿಸಿ, ಕೈ ತೊಳೆದುಕೊಂಡು ಬಂದೆ. ಮಾತ್ರೆಯನ್ನು ಕಾಗದದಿಂದ ಬಿಡಿಸಿ ಅಂಗೈಯಲ್ಲಿಟ್ಟು ಎಲ್ಲರಿಗೂ ಕಾಣುವ ಹಾಗೆ ಹಿಡಿದೆ. ಅತ್ತೆ ಅದನ್ನು ಬೆಳಕಿಗೆ ತಿರುಗಿಸಿ ನೋಡಿದರು, ಮೂಸಿದರು, ಬಾಯಿಗೆ ಹಾಕಿಕೊಂಡು ನೀರು ಕುಡಿದರು. ನಾದಿನಿ ನನ್ನ ಬೆರಳುಗಳ ಮೇಲಿನ ಕಣ್ಣು ತೆಗೆಯಲಿಲ್ಲ.

ಅಪ್ಪ ಜಗಲಿಯಲ್ಲಿ ಚಪ್ಪಲಿ ಮೆಟ್ಟಿಕೊಂಡು, ಚೀಲವನ್ನು ಹೆಗಲಿಗೇರಿಸಿ ನಿಂತಿದ್ದರು. "ಏನ್ ಮಗ, ಬತ್ತೀಯಾ? ನೀನು ಬತ್ತೀನಿ ಅಂದ್ರೆ ಈಗ್ಲೂ ಕರ್ಕೊಂಡ್ ಓಯ್ತೀನಿ. ಯಾರಿಗೂ ಎದುರ್ಕೋಬ್ಯಾಡ."

ಹೋಗಬೇಕು ಅನ್ನಿಸಿತು. ಆ ಮನೆಯಲ್ಲಿ ಯಾರೂ ನನ್ನಲ್ಲಿ ತಪ್ಪಾಯಿತು ಎಂದಿರಲಿಲ್ಲ, ಅನ್ನುವವರಾಗಿ ಕಾಣಲೂ ಇಲ್ಲ. ಆದರೆ ಈಗ ಹೋದರೆ ಮಾತು ನನ್ನ ಜೊತೆಗೇ ಬಸ್ಸು ಹತ್ತುತ್ತಿತ್ತು. ಉಳಿದರೆ ಪ್ರತಿ ಬೆಳಿಗ್ಗೆ ಅತ್ತೆ ನನ್ನ ಕೈಯಿಂದ ನುಂಗುವುದನ್ನು ಬೀದಿಯೆಲ್ಲ ನೋಡುತ್ತಿತ್ತು.

"ನೀನ್ ಓಗಪ್ಪ," ಎಂದೆ. "ಇಲ್ಲಿ ಗುಳಿಗೆ ಕೊಡೋರಿಲ್ಲ."

ಅಪ್ಪ ಮಗುವಿನ ತಲೆ ಸವರಿ ಹೊರಟರು. ನಾನು ಒಳಗೆ ಹೋಗಿ ಮುದ್ದೆಗೆ ಎಸರಿಟ್ಟೆ. ನಮ್ಮ ಮನೆಯವರು ಕಾರ್ಖಾನೆಗೆ ತಡವಾಯಿತು ಎಂದು ಹೊರಟವರು ಅಡುಗೆಮನೆಯ ಬಾಗಿಲ ಹತ್ತಿರ ನಿಂತರು. ಒಲೆಯ ಕಡೆ ನೋಡಿ, ಗೋಡೆಯ ಕಡೆ ನೋಡಿ, "ಮಧ್ಯಾಹ್ನಕ್ಕೆ ಬತ್ತೀನಿ," ಎಂದರು.

ನಾನು ತಿರುಗಲಿಲ್ಲ. ಅವರು ಮೆಟ್ಟಿಲಿಳಿದ ಸದ್ದು ಕೇಳಿಸಿದ ಮೇಲೆ ಎಸರಿಗೆ ಇನ್ನೊಂದು ಪಾವು ನೀರು ಸೇರಿಸಿದೆ.